ಕಿಂಡಿ, ಉಂಗುರ ಮತ್ತು ಒಂದೂವರೆ ಡಿಗ್ರಿ

ಏರ್ ರೈಫಲ್‌ನಿಂದ ಹೊಡೆದ ಐದು ಪೆಲೆಟ್‌ಗಳೂ, ಎಂದರೆ ಸೀಸದ ಪುಟ್ಟ ಗುಂಡುಗಳು, ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ ಸೇರಿಕೊಂಡಿದ್ದವು. ಅದರ ಬಗ್ಗೆ ತಕರಾರಿಲ್ಲ. ಆದರೆ ಆ ತೂತು ಇದ್ದದ್ದು ಗುರಿಯ ಕಾರ್ಡಿನ ನಡುವೆ ಅಲ್ಲ, 11 ಮಿಲಿಮೀಟರ್ ಎಡಕ್ಕೆ. ಗುರಿ ನೋಡಲು ರೈಫಲ್‌ನ ಹಿಂಭಾಗದಲ್ಲಿ ಕೂರಿಸುವ ಹಿಂದಿನ ಸೈಟ್ ಅದರ ಓಟದ ನಟ್ಟನಡುವೆ ಇತ್ತು. ಎರಡು ಸಲ ಎಣಿಸಿ ನಾನೇ ಅಲ್ಲಿ ನಿಲ್ಲಿಸಿದ್ದೆ. ಮಗಳು ರೈಫಲ್ ಕೆಳಗಿಟ್ಟು, "ಕ್ಲಿಕ್ ತಿರುಗಿಸಿದರೆ ಆಯಿತಲ್ಲಪ್ಪ" ಎಂದಳು. ಸೈಟ್‌ನ ಗುಂಡಿ ತಿರುಗಿಸಿದೆ. ಬಲಕ್ಕೆ 34 ಕ್ಲಿಕ್. ಮುಂದಿನ ಐದೂ ನಡುವೆಯೇ ಬಿದ್ದವು, ಇಬ್ಬರೂ ಖುಷಿಯಿಂದ ಮನೆಗೆ ಹೋದೆವು. ಆ 34 ಕ್ಲಿಕ್‌ಗಳು ಏನನ್ನು ಮುಚ್ಚಿಟ್ಟಿದ್ದವು ಎಂದು ಗೊತ್ತಾಗಲು ಇನ್ನೂ ಮೂರು ವಾರ ಹಿಡಿಯಿತು.

ನನ್ನ ಕಸುಬು ತಕ್ಕಡಿ ರಿಪೇರಿ. ಚಿತ್ರದುರ್ಗದ ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿ, ಮಂಡಿಗಳ ದೊಡ್ಡ ತೂಕದ ಯಂತ್ರ, ಅಕ್ಕಸಾಲಿಗರ ಮಿಲಿಗ್ರಾಂ ತಕ್ಕಡಿ ಎಲ್ಲವೂ ಬರುತ್ತವೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಎನ್‌ಸಿಸಿ ಶಿಬಿರದಲ್ಲಿ ಮೊದಲ ಬಾರಿ ಗುರಿ ಹಿಡಿದು ಬಂದ ದಿನದಿಂದ ಅವಳಿಗೆ ಇದೇ ಧ್ಯಾನ. ಹಾಗಾಗಿ 10 ಮೀಟರ್ ಸ್ಪರ್ಧೆಯ ಹಳೆಯ ಏರ್ ರೈಫಲ್ ಒಂದನ್ನು ಕೊಂಡೆವು. 4.5 ಮಿ.ಮೀ ಕ್ಯಾಲಿಬರ್, ಎಂದರೆ ನಳಿಗೆಯ ಒಳ ಅಗಲ. ಪೆಲೆಟ್ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ, ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಎಂಟು ಜೂಲ್‌ಗೂ ಕಡಿಮೆ ಶಕ್ತಿ. 4.5 ಮಿ.ಮೀ ಮೀರದ, 20 ಜೂಲ್ ದಾಟದ ಏರ್ ರೈಫಲ್‌ಗೆ ನಮ್ಮಲ್ಲಿ ಪರವಾನಗಿ ಬೇಕಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ನಾನು ವಿವರಿಸುವ ಬಿಚ್ಚುವ, ಕೂಡಿಸುವ ಕೆಲಸವೆಲ್ಲ ಈ ಗಾಳಿಯ ರೈಫಲ್‌ಗೆ ಸಂಬಂಧಿಸಿದ್ದು. .22ರಂಥ ಮದ್ದಿನ ಬಂದೂಕಾದರೆ ಅದರ ರಿಪೇರಿಗೆ ಪರವಾನಗಿ ಪಡೆದ ಕುಶಲಕರ್ಮಿಯೇ ಬೇಕು. ಮನೆಯ ವೈಸ್‌ನಲ್ಲಿ ಕಚ್ಚಿಸುವ ವಸ್ತುವಲ್ಲ ಅದು.

ರೈಫಲ್ ಬಂದದ್ದು ಬೋಳಾಗಿ. ಹಿಂದಿನ ಮಾಲೀಕರು ಅದಕ್ಕೆ ದುರ್ಬೀನು ಕೂರಿಸಿಕೊಂಡಿದ್ದರಂತೆ, ಮೂಲದ ಸೈಟ್‌ಗಳು ಎಲ್ಲೋ ಕಳೆದುಹೋಗಿದ್ದವು. ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದೂ ಇದೇ 10 ಮೀಟರ್ ಸ್ಪರ್ಧೆಯಲ್ಲಿ, ಇಂಥದೇ ತೆರೆದ ಕಿಂಡಿಯ ಮೂಲಕ ನೋಡಿ. ಹಿಂದೆ ಕಣ್ಣಿನ ಬಳಿ ಒಂದು ಮಿಲಿಮೀಟರಿನ ಆಸುಪಾಸಿನ ತೂತು. ಮುಂದೆ ನಳಿಗೆಯ ತುದಿಯಲ್ಲಿ ಒಂದು ಕೊಳವೆ, ಅದರೊಳಗೆ ಒಂದು ಉಂಗುರ. ಇಷ್ಟೇ ಸಲಕರಣೆ. ಹಿಂದಿನ ತೂತಿಗೆ ಇಂಗ್ಲಿಷಿನಲ್ಲಿ ಏನೇ ಹೆಸರಿರಲಿ, ನಮ್ಮ ಮನೆಯಲ್ಲಿ ಅದು ಕಿಂಡಿ. ಈ ಊರಿನಲ್ಲಿ ಹುಟ್ಟಿದವರ ಬಾಯಿಗೆ ಬೇರೆ ಪದ ಬರುವುದಿಲ್ಲ. ಮಗಳನ್ನು ಚಿಕ್ಕವಳಿದ್ದಾಗ ಕೋಟೆಗೆ ಕರೆದೊಯ್ದು ಓಬವ್ವನ ಕಿಂಡಿ ತೋರಿಸಿದವನು ನಾನೇ.

ಅಭ್ಯಾಸಕ್ಕೆ ಜಾಗ ಸಿಕ್ಕದ್ದು ಶೇಂಗಾ ತುಂಬುತ್ತಿದ್ದ ಹಳೆಯ ಗೋದಾಮಿನಲ್ಲಿ. ಬಯಲಿನಲ್ಲಿ ಆಗುವ ಮಾತಲ್ಲ. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳು ಸುಮ್ಮನೆ ತಿರುಗುತ್ತಿಲ್ಲ, ಆಷಾಢ ಬಂದರೆ ತಗಡಿನ ಛಾವಣಿಯೇ ಬಡಿದುಕೊಳ್ಳುತ್ತದೆ. ಗೋದಾಮಿನ ಒಂದು ಗೋಡೆಯಿಂದ ಇನ್ನೊಂದಕ್ಕೆ 14 ಮೀಟರ್ ಇದೆ. 10 ಮೀಟರ್ ಅಳೆದು ಗೆರೆ ಹಾಕಿದೆ. ಗುರಿಯ ನಡು ನೆಲದಿಂದ 1.40 ಮೀಟರ್ ಎತ್ತರದಲ್ಲಿ. ಅದರ ಹಿಂದೆ ಇಳಿಜಾರಾಗಿ ಉಕ್ಕಿನ ತಗಡು, ತಗಡಿನ ಹಿಂದೆ ಮರಳು ತುಂಬಿದ ಗೋಣಿಚೀಲಗಳ ಎರಡು ಸಾಲು. ಬಾಗಿಲು ಇರುವುದು ಶೂಟರ್ ಬೆನ್ನ ಹಿಂದೆ ಮಾತ್ರ, ಅದಕ್ಕೂ ಒಳಗಿನಿಂದ ಚಿಲಕ. ಇಬ್ಬರಿಗೂ ಕಣ್ಣಿಗೆ ಕನ್ನಡಕ. ಪೆಲೆಟ್ ಸೀಸದ್ದು, ಆದ್ದರಿಂದ ಮುಗಿದ ಮೇಲೆ ಕೈ ತೊಳೆಯದೆ ಬುತ್ತಿ ಬಿಚ್ಚುವಂತಿಲ್ಲ.

ಈಗ ಸೈಟ್ ಕೂರಿಸಿದ ಕಥೆ. ಹಿಂದಿನದು ಸುಲಭ. ನಳಿಗೆಯ ಹಿಂದಿನ ಲೋಹದ ಭಾಗವಾದ ರಿಸೀವರ್ ಮೇಲೆ 11 ಮಿ.ಮೀ ಅಗಲದ, ಅಂಚು ಒಳಕ್ಕೆ ಓರೆಯಾದ ಡವ್‌ಟೇಲ್ ಹಳಿ ಇದೆ. ಸೈಟ್‌ನ ದವಡೆ ಅದನ್ನು ಕಚ್ಚಿಕೊಳ್ಳುತ್ತದೆ, ಎರಡು ತಿರುಪು ಬಿಗಿದರೆ ಮುಗಿಯಿತು. ಬಿಗಿಯುವಾಗ ದವಡೆಯನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಒಂದು ಅಂಚು ಎದ್ದು ಕೂರುತ್ತದೆ. ಹಳಿಯನ್ನು ಮೊದಲು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿತ್ತು. ಅದರ ಪದರವೊಂದು ಸಿಕ್ಕಿಕೊಂಡರೂ ಸಾಕು, ಸೈಟ್ ಒಂದು ಕಡೆ ವಾಲುತ್ತದೆ.

ಆಮೇಲೆ ನಡು ಹುಡುಕುವುದು. ಅಕ್ಕಪಕ್ಕದ ಗುಂಡಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿ ನಿಲ್ಲುವಲ್ಲಿ ನಿಲ್ಲಿಸಿದೆ. ಅಲ್ಲಿಂದ ಬಲದ ತುದಿಯವರೆಗೆ ಒಂದೊಂದೇ ಕ್ಲಿಕ್ ಎಣಿಸಿದೆ: 120. ಹಿಂದಕ್ಕೆ 60 ಬಂದರೆ ನಡು. ಒಂದು ಎಚ್ಚರಿಕೆ ಇಲ್ಲಿ ಬೇಕು. ದಿಕ್ಕು ಬದಲಿಸಿದಾಗ ಮೊದಲ ಎರಡು ಕ್ಲಿಕ್ ಬೆರಳಿಗೆ ಕೇಳುತ್ತವೆ, ಆದರೆ ಸೈಟ್ ಕದಲುವುದಿಲ್ಲ. ತಿರುಪಿನ ಹಲ್ಲುಗಳ ನಡುವಿನ ಸಡಿಲ ಅದು. ತಕ್ಕಡಿಯ ಹಳೆಯ ತಿರುಪುಗಳಲ್ಲೂ ಇದು ದಿನನಿತ್ಯದ ಅನುಭವ. ಮದ್ದು ಒಂದೇ: ಯಾವ ಸಂಖ್ಯೆಗೆ ಹೋಗಬೇಕಾದರೂ ಯಾವಾಗಲೂ ಒಂದೇ ಕಡೆಯಿಂದ ಹೋಗುವುದು. ನಾನು ಬೇಕಾದ್ದಕ್ಕಿಂತ ಐದು ಕ್ಲಿಕ್ ಎಡಕ್ಕೆ ಹೋಗಿ, ಮತ್ತೆ ಬಲಕ್ಕೆ ಬಂದು ನಿಲ್ಲಿಸುತ್ತೇನೆ.

ಮುಂದಿನ ಸೈಟ್ ಕೂರುವುದು ನಳಿಗೆಯ ತುದಿಗೆ ಅಂಗಿಯ ತೋಳಿನಂತೆ ತೊಡಿಸಿದ ಒಂದು ಲೋಹದ ತೋಳಿನ ಮೇಲೆ. ತೋಳಿನ ನೆತ್ತಿಯಲ್ಲೂ ಅಂಥದೇ 11 ಮಿ.ಮೀ ಹಳಿ. ಅದಕ್ಕೆ ಕೊಳವೆ ಕಚ್ಚಿಸಿದೆ, ಒಳಗೆ 3.8 ಮಿ.ಮೀ ಉಂಗುರ ಇಟ್ಟೆ. ಕಿಂಡಿಯಿಂದ ಉಂಗುರಕ್ಕೆ 780 ಮಿ.ಮೀ.

ಈ 780ನ್ನು ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ. ಗುರಿ 10,000 ಮಿ.ಮೀ ದೂರದಲ್ಲಿದೆ. ಎರಡರ ಅನುಪಾತ ಸುಮಾರು 12.8. ಎಂದರೆ ಸೈಟ್ ಒಂದು ಮಿಲಿಮೀಟರ್ ಸರಿದರೆ ಗುರಿಯಲ್ಲಿ ಹೊಡೆತ ಹದಿಮೂರು ಮಿಲಿಮೀಟರ್ ಸರಿಯುತ್ತದೆ. ಕಾರ್ಡಿನಲ್ಲಿ ಹತ್ತರ ಗುರುತು ಬರೀ ಅರ್ಧ ಮಿಲಿಮೀಟರಿನ ಚುಕ್ಕೆ, ಅಲ್ಲಿಂದ ಹೊರಗೆ ಒಂದೊಂದು ಸುತ್ತಿಗೂ 2.5 ಮಿ.ಮೀ ಅಂತರ. ಸೈಟ್‌ನಲ್ಲಿ ಕೂದಲೆಳೆಯಷ್ಟು ತಪ್ಪಾದರೆ ಅಂಕ ಹೋಯಿತು. ನನ್ನ ಸೈಟ್‌ನ ಗುಂಡಿ ಒಂದು ಸುತ್ತಿಗೆ 20 ಕ್ಲಿಕ್, ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಚಲಿಸುತ್ತದೆ; ಒಂದು ಕ್ಲಿಕ್‌ಗೆ ಗುರಿಯಲ್ಲಿ ಸುಮಾರು 0.32 ಮಿ.ಮೀ. ಇದನ್ನು ಕಾಗದದ ಮೇಲೂ ಹೊಡೆದು ನೋಡಿ ಖಚಿತಪಡಿಸಿಕೊಂಡೆ. 34 ಕ್ಲಿಕ್ ಅಂದರೆ 11 ಮಿ.ಮೀ, ಲೆಕ್ಕ ಸರಿಯಾಗಿಯೇ ಇತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಬಲಕ್ಕೆ ಇನ್ನೂ 26 ಕ್ಲಿಕ್ ಓಟ ಉಳಿದಿತ್ತು, ಪೆಲೆಟ್ ನಡುವಿಗೆ ಬೀಳುತ್ತಿತ್ತು. ಆದರೆ ಮಗಳ ಕತ್ತು ಉದ್ದ. ರೈಫಲ್ ಕೆನ್ನೆಗೆ ಒತ್ತಿದಾಗ ತಲೆ ಬಹಳ ಬಗ್ಗುತ್ತಿತ್ತು. ಇಪ್ಪತ್ತು ಹೊಡೆತ ಮುಗಿಯುವಷ್ಟರಲ್ಲಿ ಹುಬ್ಬಿನ ಕೆಳಗಿನಿಂದ ಇಣುಕಿ ನೋಡುವ ಹಾಗಾಗುತ್ತಿತ್ತು. ಸ್ಪರ್ಧೆಯಲ್ಲಿ 60 ಹೊಡೆತ, ಒಂದೂಕಾಲು ಗಂಟೆ. ಹಾಗೆ ಬಗ್ಗಿ ನಿಂತರೆ ಕಣ್ಣೂ ಸೋಲುತ್ತದೆ, ಕತ್ತೂ ಸೋಲುತ್ತದೆ. ಹಾಗಾಗಿ ಎರಡೂ ಸೈಟ್‌ಗಳ ಅಡಿಗೆ 10 ಮಿ.ಮೀ ಎತ್ತರದ ಅಲ್ಯೂಮಿನಿಯಂ ದಿಂಬುಗಳನ್ನು ಮಾಡಿಸಿದೆ. ದಾವಣಗೆರೆಯ ಲೇತ್ ಅಂಗಡಿಯೊಂದರಲ್ಲಿ. ಅಳತೆಯನ್ನು ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಕೇಳುವ ಗಿರಾಕಿ ಅಲ್ಲಿಗೆ ದಿನಾ ಬರುವುದಿಲ್ಲ. ಆದರೂ ಆತ ಬೇಸರಿಸಲಿಲ್ಲ, ಹಳಿಯ ಕೋನಕ್ಕೆ ಹೊಸದಾಗಿ ಟೂಲ್ ಸಾಣೆ ಹಿಡಿದು ಕೊರೆದುಕೊಟ್ಟ.

ದಿಂಬು ಹಾಕಿ ಹೊಡೆದ ಮೊದಲ ಐದು ಮತ್ತೆ ಎಡಕ್ಕೆ ಹೋದವು. ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು.

ನನ್ನ ಮೊದಲ ಅನುಮಾನ ದಿಂಬಿನ ಮೇಲೆ. ಸಹಜವಲ್ಲವೇ, ಹೊಸದಾಗಿ ಬಂದದ್ದು ಅದೊಂದೇ. ಲೇತ್‌ನವರಿಗೆ ಫೋನ್ ಮಾಡಿ, ಕೊರೆತ ಓರೆಯಾಗಿರಬಹುದೇ ಎಂದು ಕೇಳಿಯೂಬಿಟ್ಟೆ. ಆತ ಶಾಂತವಾಗಿ, "ತಿರುಗಿಸಿ ಹಾಕಿ ನೋಡಿ ಸಾರ್, ಓರೆ ಇದ್ದರೆ ಅದೂ ತಿರುಗುತ್ತದೆ" ಎಂದ. ಎಂಥ ಸರಿಯಾದ ಮಾತು! ಮುಂದಿನ ದಿಂಬನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿದೆ. ತೂತು ಅಲ್ಲೇ. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿದೆ. ಆಗಲೂ ತೂತು ಅಲ್ಲೇ. ಮಗಳ ಹಿಡಿತದ ತಪ್ಪಿರಬಹುದೆಂದು ಮರಳಿನ ಚೀಲದ ಮೇಲಿಟ್ಟು ನಾನೇ ಹೊಡೆದೆ. ಅಲ್ಲೇ.

ಆ ರಾತ್ರಿ ಊಟ ಮಾಡುತ್ತಾ ಕುಳಿತಾಗ ಹೊಳೆಯಿತು. ನಳಿಗೆ ಬಾಗಿದ್ದರೆ, ಅಥವಾ ಹಿಂದಿನ ಸೈಟ್ ಪಕ್ಕಕ್ಕೆ ಕೂತಿದ್ದರೆ, ಎತ್ತರ ಹೆಚ್ಚಿಸಿದ್ದರಿಂದ ಪಕ್ಕದ ತಪ್ಪು ಬದಲಾಗಬೇಕಿಲ್ಲ. ಎತ್ತರದ ಜೊತೆ ಹೆಚ್ಚುವ ತಪ್ಪು ಒಂದೇ: ವಾಲುವಿಕೆ. ನೆಟ್ಟಗಿರುವ ಕಂಬವನ್ನು ಎಷ್ಟು ಉದ್ದ ಮಾಡಿದರೂ ಅದರ ತುದಿ ಬುಡದ ಮೇಲೆಯೇ ಇರುತ್ತದೆ. ವಾಲಿದ ಕಂಬ ಉದ್ದವಾದಷ್ಟೂ ತುದಿ ಹೊರಗೆ ಹೋಗುತ್ತದೆ. ಮುಂದಿನ ಸೈಟ್ ಬಲಕ್ಕೆ ವಾಲಿತ್ತು! ಮುಂದಿನದು ಬಲಕ್ಕೆ ಹೋದರೆ ನೋಟದ ಗೆರೆ ಬಲಕ್ಕೆ ಹೋಗುತ್ತದೆ. ಆ ಗೆರೆಯನ್ನು ಗುರಿಗೆ ತರಲು ಶೂಟರ್ ಇಡೀ ರೈಫಲನ್ನು ಎಡಕ್ಕೆ ತಿರುಗಿಸುತ್ತಾನೆ. ಪೆಲೆಟ್ ಎಡಕ್ಕೆ ಬೀಳುತ್ತದೆ. ಎಂಜಲು ಕೈಯಲ್ಲೇ ಎದ್ದು ಎಡಗೈಯಲ್ಲಿ ಲೆಕ್ಕ ಬರೆದೆ. ನಳಿಗೆಯ ನಡುವಿನಿಂದ ಉಂಗುರದ ನಡುವಿಗೆ ದಿಂಬಿಲ್ಲದೆ 32 ಮಿ.ಮೀ, ದಿಂಬಿನ ಜೊತೆ 42. ಒಂದೂವರೆ ಡಿಗ್ರಿ ವಾಲಿದ್ದರೆ 32ಕ್ಕೆ 0.84 ಮಿ.ಮೀ ಹೊರಗೆ, ಗುರಿಯಲ್ಲಿ ಅದು ಸುಮಾರು 11. 42ಕ್ಕೆ 1.1 ಮಿ.ಮೀ ಹೊರಗೆ, ಗುರಿಯಲ್ಲಿ 14. ವ್ಯತ್ಯಾಸ ಮೂರೂಕಾಲು ಮಿಲಿಮೀಟರಿನಷ್ಟು. ಕಾರ್ಡಿನ ಮೇಲೆ ಕಂಡದ್ದೂ ಅದೇ.

ಲೆಕ್ಕ ಕೂಡಿಬಂದಾಗಿನ ಆ ಸಂತೋಷವನ್ನು ಹೇಗೆ ಹೇಳಲಿ. ಬೆಳಗಾಗುವುದನ್ನೇ ಕಾದೆ.

ವಾಲಿದ್ದನ್ನು ಕಣ್ಣಾರೆ ಕಾಣಲು ಬಡಗಿಗಳ ಹಳೆಯ ಉಪಾಯ ಸಾಕಾಯಿತು. ಬಾಗಿಲ ಚೌಕಟ್ಟಿನ ಮರ ತಿರುಚಿದೆಯೇ ಎಂದು ನೋಡಲು ಅವರು ಎರಡು ನೇರ ಪಟ್ಟಿಗಳನ್ನು ಮರದ ಎರಡು ತುದಿಗೆ ಅಡ್ಡಲಾಗಿಟ್ಟು, ಒಂದರ ಅಂಚಿನ ಮೇಲಿಂದ ಇನ್ನೊಂದರ ಅಂಚನ್ನು ನೋಡುತ್ತಾರೆ. ಗಾಳಿಯ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಟ್ಟೆ, ಪೆಲೆಟ್ ಇಲ್ಲವೆಂದು ಎರಡು ಸಲ ನೋಡಿದೆ. ವೈಸ್‌ನ ದವಡೆಗೆ ಬೇವಿನ ಮರದ ತುಂಡುಗಳನ್ನು ಕೊಟ್ಟು ರೈಫಲ್‌ನ ಮರದ ಹಿಡಿಯನ್ನು ಮೆತ್ತಗೆ ಹಿಡಿಸಿದೆ. ಎರಡೂ ಸೈಟ್ ಬಿಚ್ಚಿ, ಹಿಂದಿನ ಹಳಿಯ ಮೇಲೊಂದು, ಮುಂದಿನ ಹಳಿಯ ಮೇಲೊಂದು 300 ಮಿ.ಮೀ ಉಕ್ಕಿನ ಅಳತೆಪಟ್ಟಿಯನ್ನು ಅಡ್ಡಲಾಗಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿದೆ. ಎರಡು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದೆ. ಎಡತುದಿಯಲ್ಲಿ ಮುಂದಿನ ಪಟ್ಟಿ ಹಿಂದಿನದರ ಮೇಲೆ ಎದ್ದು ಕಾಣುತ್ತಿತ್ತು. ಬಲತುದಿಯಲ್ಲಿ ಅದು ಮರೆಯಾಗಿತ್ತು. ಬೇರೆ ಸಾಕ್ಷಿ ಬೇಡವಾಯಿತು. ಆದರೂ ಹಿಂದಿನ ಪಟ್ಟಿಯನ್ನು ರಸಮಟ್ಟದಿಂದ ಸಮ ಮಾಡಿ, ಮುಂದಿನ ಪಟ್ಟಿಯ ಎರಡು ತುದಿಗಳ ಎತ್ತರವನ್ನು ಮೇಜಿನಿಂದ ಅಳೆದೆ: ಎಂಟು ಮಿಲಿಮೀಟರ್ ಏರುಪೇರು. 300ಕ್ಕೆ ಎಂಟು ಎಂದರೆ ಒಂದೂವರೆ ಡಿಗ್ರಿ.

ರಿಪೇರಿಯ ನಿಜವಾದ ಕೆಲಸ ಇಲ್ಲಿಂದ ಶುರು. ಮುಂದಿನ ತೋಳು ನಳಿಗೆಯ ಮೇಲೆ ನಿಂತಿರುವುದು ಅಡಿಯಲ್ಲಿರುವ ಎರಡು ಗ್ರಬ್ ಸ್ಕ್ರೂಗಳಿಂದ, ಎಂದರೆ ತಲೆಯಿಲ್ಲದ ತಿರುಪುಗಳಿಂದ. ಸಡಿಲಿಸಿದೆ, ತೋಳನ್ನು ಪಟ್ಟಿಗಳು ಸಮವಾಗುವವರೆಗೆ ತಿರುಗಿಸಿದೆ, ಬಿಗಿದೆ. ಬಿಗಿಯುತ್ತಿದ್ದಂತೆ ಕಣ್ಣೆದುರೇ ಪಟ್ಟಿ ನಿಧಾನವಾಗಿ ಮತ್ತೆ ವಾಲಿತು. ಇನ್ನೊಮ್ಮೆ ಮಾಡಿದೆ. ಮತ್ತೆ ವಾಲಿತು. ಮೂರನೇ ಸಲ ಕೈಯಿಂದ ಗಟ್ಟಿಯಾಗಿ ಹಿಡಿದು ಬಲವಾಗಿ ಬಿಗಿಯಲು ಹೋಗಿ ಒಂದು ಸ್ಕ್ರೂವಿನ ಆರುಮೂಲೆಯ ಗುಳಿಯನ್ನು ಸವೆಸಿಬಿಟ್ಟೆ. ಅವಸರ ಮಾಡಿದ್ದು ತಪ್ಪು. ಅಲೆನ್ ಕೀಲಿಯ ತುದಿಯನ್ನು ಅರದಿಂದ ಉಜ್ಜಿ ಹೊಸ ಮೂಲೆ ಮಾಡಿ, ಎರಡು ಹನಿ ತೆಳು ಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು, ಹೇಗೋ ಹೊರತೆಗೆದೆ.

ತೋಳನ್ನು ಪೂರ್ತಿ ಕಳಚಿ ನಳಿಗೆಯ ಮೇಲೆ ಟಾರ್ಚ್ ಬಿಟ್ಟಾಗ ಕಾರಣ ಕಂಡಿತು. ಕಪ್ಪು ಬಣ್ಣದ ಮೇಲೆ ಎರಡು ಪುಟ್ಟ ಹಳ್ಳಗಳು ಬೆಳ್ಳಗೆ ಮಿನುಗುತ್ತಿದ್ದವು, ಸೂಜಿಯಿಂದ ಒತ್ತಿದ ಹಾಗೆ. ಹಿಂದೆ ಯಾರೋ ತೋಳನ್ನು ಓರೆಯಾಗಿ ಕೂರಿಸಿ ಬಲವಾಗಿ ಬಿಗಿದಿದ್ದರು. ಸ್ಕ್ರೂವಿನ ಚೂಪು ತುದಿ ಉಕ್ಕಿನಲ್ಲಿ ಗೂಡು ಮಾಡಿಕೊಂಡಿತ್ತು. ನಾನು ಎಷ್ಟೇ ನೇರ ಮಾಡಿದರೂ ಬಿಗಿಯುವಾಗ ತುದಿ ಹಳ್ಳದ ಅಂಚನ್ನು ಮುಟ್ಟಿ ಒಳಕ್ಕೆ ಜಾರುತ್ತಿತ್ತು, ಜೊತೆಗೆ ತೋಳನ್ನೂ ಎಳೆದುಕೊಳ್ಳುತ್ತಿತ್ತು. ದುರ್ಬೀನು ಹಾಕಿದವರಿಗೆ ಮುಂದಿನ ತೋಳು ಹೇಗಿದ್ದರೂ ನಡೆಯುತ್ತದೆ. ಹಾಗಾಗಿ ಅದು ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲ.

ಪರಿಹಾರ ನನ್ನ ಅಂಗಡಿಯ ಡಬ್ಬಿಯಲ್ಲೇ ಇತ್ತು. ದಪ್ಪ ತಾಮ್ರದ ವೈರ್‌ನಿಂದ ಎರಡು ಚೂರು ಕತ್ತರಿಸಿ, ಸುತ್ತಿಗೆಯಿಂದ ತಟ್ಟಿ, ಸ್ಕ್ರೂ ರಂಧ್ರದೊಳಗೆ ಇಳಿಯುವಷ್ಟು ದುಂಡಗೆ ಅರದಿಂದ ಉಜ್ಜಿದೆ. ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡ ಬಿಲ್ಲೆಗಳು. ಮೊದಲು ಬಿಲ್ಲೆ, ಅದರ ಮೇಲೆ ಚಪ್ಪಟೆ ತುದಿಯ ಹೊಸ ಗ್ರಬ್ ಸ್ಕ್ರೂ. ತಾಮ್ರ ಮೆತ್ತಗಿನ ಲೋಹ. ಹಳ್ಳದ ಮೇಲೆ ಹರಡಿಕೊಂಡು ಕೂರುತ್ತದೆಯೇ ಹೊರತು ಅದರೊಳಕ್ಕೆ ಜಾರುವುದಿಲ್ಲ, ನಳಿಗೆಗೆ ಹೊಸ ಗಾಯವನ್ನೂ ಮಾಡುವುದಿಲ್ಲ. ತೋಳಿಗೂ ನಳಿಗೆಗೂ ನಡುವೆ ಬೆರಳಿಗೆ ಸಿಗುವಷ್ಟು ಅಲುಗಾಟವಿತ್ತು, ಅದಕ್ಕೆ 0.05 ಮಿ.ಮೀ ಹಿತ್ತಾಳೆ ಹಾಳೆಯ ಒಂದು ಸುತ್ತು. ಎರಡು ಸ್ಕ್ರೂಗಳನ್ನೂ ಕಾಲು ಸುತ್ತು, ಕಾಲು ಸುತ್ತು ಎಂದು ಸರದಿಯಂತೆ ಬಿಗಿದೆ. ಪಟ್ಟಿಗಳು ಕದಲಲಿಲ್ಲ. ತುದಿಗಳಲ್ಲಿ ಅಳೆದರೆ ಉಳಿದ ಏರುಪೇರು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕಡಿಮೆ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. ಓರೆ ಮೇಜಿನ ಮೇಲೆ ತಕ್ಕಡಿ ಇಟ್ಟು, ಸೊನ್ನೆಯ ಬಟನ್ ಒತ್ತಿ ವ್ಯಾಪಾರ ಮಾಡುವವರು ಬಹಳ ಜನ. ಪರದೆಯಲ್ಲಿ 0.000 ಕಾಣುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಹತ್ತು ಕಿಲೋ ಇಟ್ಟಾಗ ಸುಳ್ಳು ಹೊರಬೀಳುತ್ತದೆ. ಮೊದಲು ಕಾಲುಗಳ ತಿರುಪು ತಿರುಗಿಸಿ ತಕ್ಕಡಿಯನ್ನು ಮಟ್ಟ ಮಾಡಬೇಕು, ಸೊನ್ನೆ ಆಮೇಲೆ. ಗಿರಾಕಿಗಳಿಗೆ ಇಪ್ಪತ್ತು ವರ್ಷದಿಂದ ಇದನ್ನು ಹೇಳುತ್ತಾ ಬಂದವನು ಮೊದಲ ದಿನ 34 ಕ್ಲಿಕ್ ತಿರುಗಿಸಿದಾಗ ಇದನ್ನೇ ಮರೆತಿದ್ದೆ. ಸೈಟ್‌ನ ಗುಂಡಿ ಇರುವುದು ಬೆಳಕಿಗೆ, ಪೆಲೆಟ್ಟಿನ ಬದಲಾವಣೆಗೆ, ಆ ದಿನದ ನಿಲುವಿಗೆ ಹೊಂದಿಸಿಕೊಳ್ಳಲು. ಕೂರಿಸಿದ್ದರ ಸೊಟ್ಟನ್ನು ಮುಚ್ಚಲು ಅಲ್ಲ.

10 ಮೀಟರಿನಲ್ಲಿ ದೂರ ಬದಲಾಗುವುದಿಲ್ಲ, ಹಾಗಾಗಿ ಓರೆ ಸೈಟ್ ಇಟ್ಟುಕೊಂಡೇ ಹೇಗೋ ದಾಟಿಸಬಹುದು. ದೂರದ ಗುರಿಯ ರೈಫಲ್‌ಗಳಲ್ಲಿ ಅದಕ್ಕೆ ಆಸ್ಪದವೇ ಇಲ್ಲ. 800, 900, 1000 ಗಜಗಳ ಸ್ಪರ್ಧೆಗಳನ್ನು ಇಂಥದೇ ಕಿಂಡಿ-ಉಂಗುರದಿಂದ ಆಡುತ್ತಾರೆ. ಹತ್ತಿರದಿಂದ ದೂರಕ್ಕೆ ಹೋದ ಹಾಗೆ ಹಿಂದಿನ ಸೈಟನ್ನು ಮೇಲೆತ್ತುತ್ತಾ ಹೋಗಬೇಕು. ಸೈಟ್ ಎರಡು ಡಿಗ್ರಿ ವಾಲಿದ್ದರೆ, 30 ಮಿನಿಟ್ ಕೋನ (ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಮಿನಿಟ್) ಮೇಲೆತ್ತುವಾಗ ಅದು ತನ್ನಷ್ಟಕ್ಕೆ ಒಂದು ಮಿನಿಟ್ ಪಕ್ಕಕ್ಕೂ ಸರಿದಿರುತ್ತದೆ. 1000 ಗಜದಲ್ಲಿ ಒಂದು ಮಿನಿಟ್ ಎಂದರೆ ಸುಮಾರು 27 ಸೆಂಟಿಮೀಟರ್. ಶೂಟರ್ ಅದನ್ನು ಗಾಳಿಯ ಆಟವೆಂದು ತಿಳಿಯುತ್ತಾನೆ, ಬಾವುಟ ನೋಡುತ್ತಾ ಕೂರುತ್ತಾನೆ.

ನಮ್ಮ ಹಿಂದಿನ ಸೈಟ್ ಹಾಗೆ ವಾಲಿಲ್ಲವಷ್ಟೇ ಎಂದು ನೋಡಲು ಬಿಳಿ ಹಾಳೆಯ ಮೇಲೆ ತೂಗುಗುಂಡಿನ ದಾರದ ಗುಂಟ ಪೆನ್ಸಿಲ್ ಗೆರೆ ಎಳೆದೆ. ಗೆರೆಯ ನಡುವಿನ ಒಂದೇ ಚುಕ್ಕೆಗೆ ಗುರಿಯಿಟ್ಟು, ಸೈಟನ್ನು 50 ಕ್ಲಿಕ್ ಕೆಳಗಿಳಿಸಿ ಐದು ಹೊಡೆದೆ, ಮೂಲಸ್ಥಾನದಲ್ಲಿ ಐದು, 50 ಕ್ಲಿಕ್ ಮೇಲಕ್ಕೆ ಐದು. ಮೂರು ತೂತುಗಳ ನಡುವೆ ಒಟ್ಟು 32 ಮಿ.ಮೀ ಎತ್ತರ. ಮೂರೂ ಪೆನ್ಸಿಲ್ ಗೆರೆಯನ್ನು ನುಂಗಿ ಕೂತಿದ್ದವು. ಇಷ್ಟು ಕಡಿಮೆ ದೂರದಲ್ಲಿ ಒಂದು ಡಿಗ್ರಿಯ ಓರೆ ಅರ್ಧ ಮಿಲಿಮೀಟರಿನಷ್ಟೇ ಕಾಣುವುದರಿಂದ ಅದಕ್ಕಿಂತ ಸೂಕ್ಷ್ಮವಾಗಿ ಈ ಪರೀಕ್ಷೆ ಹೇಳಲಾರದು. ನಮಗೆ ಸಾಕು.

ರೈಫಲನ್ನೇ ಓರೆಯಾಗಿ ಹಿಡಿದರೆ ಏನಾಗುತ್ತದೆ ಎಂಬುದು ಬೇರೆಯ ಪ್ರಶ್ನೆ, ಮಗಳೇ ಕೇಳಿದ್ದು. ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 18 ಮಿ.ಮೀ ಕೆಳಗೆ ಬೀಳುತ್ತದೆ. ಆ ಬೀಳುವಿಕೆಯನ್ನು ಸರಿದೂಗಿಸಲು ನಳಿಗೆ ಅಷ್ಟು ಮೇಲಕ್ಕೆ ಮುಖ ಮಾಡಿರುತ್ತದೆ. ರೈಫಲ್ ಐದು ಡಿಗ್ರಿ ವಾಲಿದರೆ ಆ ಮುಖ ಪಕ್ಕಕ್ಕೆ ತಿರುಗಿ, ಹೊಡೆತ ಒಂದೂವರೆ ಮಿಲಿಮೀಟರ್ ಆಚೆ ಹೋಗುತ್ತದೆ. 50 ಮೀಟರಿನ .22 ರೈಫಲ್‌ನಲ್ಲಿ ಗುಂಡು ಹನ್ನೆರಡು-ಹದಿಮೂರು ಸೆಂಟಿಮೀಟರ್ ಬೀಳುತ್ತದೆ. ಅಷ್ಟೇ ಓರೆಗೆ ಅಲ್ಲಿ 11 ಮಿ.ಮೀ ತಪ್ಪು, ಒಂದು ಸುತ್ತು 8 ಮಿ.ಮೀ ಇರುವ ಕಾರ್ಡಿನಲ್ಲಿ. 1000 ಗಜದಲ್ಲಿ ಬೀಳುವಿಕೆ ಹತ್ತು ಮೀಟರಿನ ಆಸುಪಾಸು. ಒಂದೇ ಒಂದು ಡಿಗ್ರಿ ಓರೆಗೆ ಹದಿನೇಳು ಸೆಂಟಿಮೀಟರ್ ಹೋಗುತ್ತದೆ. ಓರೆಯಾಗಿ ಹಿಡಿಯುವುದು ತಪ್ಪಲ್ಲ, ಪ್ರತಿಸಲ ಅಷ್ಟೇ ಓರೆಯಾಗಿ ಹಿಡಿದರೆ. ಅದನ್ನು ನೋಡಿಕೊಳ್ಳುವುದು ಅವಳ ಕೆಲಸ. ಲೋಹವನ್ನು ನೇರ ಮಾಡಿಕೊಡುವುದು ನನ್ನದು.

ಇನ್ನು ಬೆಳಕು. ಗೋದಾಮಿನ ಛಾವಣಿಯಲ್ಲಿ ಎಡಗಡೆ ಒಂದು ಫೈಬರ್ ಹಾಳೆ ಇದೆ, ಮಧ್ಯಾಹ್ನ ಅಲ್ಲಿಂದ ಬಿಸಿಲು ಇಳಿಯುತ್ತದೆ. ಉಂಗುರದ ಒಳಅಂಚಿನ ಕಪ್ಪು ಸವೆದು ಒಂದು ಕಡೆ ಲೋಹ ಹೊಳೆಯುತ್ತಿದ್ದುದರಿಂದ, ಬಿಸಿಲು ಬಿದ್ದಾಗ ಆ ಅಂಚು ಕರಗಿದ ಹಾಗೆ ಕಂಡು ಕಣ್ಣು ಮೋಸ ಹೋಗುತ್ತಿತ್ತು. ಇದಕ್ಕೆ ನನ್ನ ತಾಯಿ ಮದ್ದು ಹೇಳಿದರು. ಇಕ್ಕಳದಲ್ಲಿ ಉಂಗುರ ಹಿಡಿದು ಉರಿಯುವ ಕರ್ಪೂರದ ಹೊಗೆಗೆ ಒಡ್ಡಿದೆ. ಹತ್ತು ಎಣಿಸುವಷ್ಟರಲ್ಲಿ ಮಸಿ ಮಕಮಲ್ಲಿನ ಹಾಗೆ ಕೂತಿತು. ಅವರು ಕಾಡಿಗೆ ಮಾಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ, ಹರಳೆಣ್ಣೆ ದೀಪದ ಮೇಲೆ ಬೋರಲು ಹಾಕಿದ ತಟ್ಟೆ. ಆ ಕಪ್ಪಿಗೆ ಹೊಳಪೇ ಇರುವುದಿಲ್ಲ, ಬೇಕಾದದ್ದೂ ಅದೇ. ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಇಕ್ಕಳದಲ್ಲೇ ಕೊಳವೆಗೆ ಇಳಿಸಬೇಕು.

ಹೀಗೆ ಎಲ್ಲ ಕೂಡಿಸಿ, ದಿಂಬು ಹಾಕಿ, ಹಿಂದಿನ ಸೈಟನ್ನು 60ಕ್ಕೆ ತಂದು, ಕಿಂಡಿಯನ್ನು 1.1 ಮಿ.ಮೀಗೆ ತೆರೆದು ಮೊದಲು ನಾನು ನೋಡಿದೆ. ವೃತ್ತದೊಳಗೆ ವೃತ್ತ. ಹೊರಗೆ ಕಿಂಡಿಯ ಮಸುಕು ಅಂಚು, ಅದರೊಳಗೆ ಬೆಳಕಿನ ತೆಳು ಬಳೆ, ಆಮೇಲೆ ಕೊಳವೆಯ ಕಪ್ಪು ಗೋಡೆ, ಮತ್ತೆ ಬೆಳಕು, ನಂತರ ಉಂಗುರ, ಅದರ ನಡುವೆ ಗುರಿಯ 30.5 ಮಿಲಿಮೀಟರಿನ ಕಪ್ಪು ಚಂದ್ರ. 3.8 ಮಿ.ಮೀ ಉಂಗುರ ಕಣ್ಣಿನಿಂದ ನೋಡಿದರೆ 10 ಮೀಟರ್ ಆಚೆ ಹೆಚ್ಚುಕಡಿಮೆ 45 ಮಿ.ಮೀ ಅಗಲವನ್ನು ಆವರಿಸುತ್ತದೆ, ಕಾರ್ಡಿನ ಒಂದರ ಸುತ್ತಿನಷ್ಟೇ ದೊಡ್ಡದು. ಆದ್ದರಿಂದ ಕಪ್ಪಿನ ಸುತ್ತ ಬಿಳಿ ಬಳೆ ಎಲ್ಲ ಕಡೆ ಒಂದೇ ಅಗಲವಿದೆಯೇ ಎಂದು ನೋಡಿದರೆ ಸಾಕು, ಕಣ್ಣು ಅದನ್ನು ತಾನಾಗಿ ಅಳೆಯುತ್ತದೆ. ಚಿಕ್ಕ ಉಂಗುರ ಹೆಚ್ಚು ನಿಖರ ಎಂದು ಹೇಳುವವರಿದ್ದಾರೆ. 3.4 ಹಾಕಿ ನೋಡಿದೆವು. ಬಿಳಿ ಬಳೆ ಇಕ್ಕಟ್ಟಾಗಿ, ಮಗಳು ಉಸಿರು ಬಿಗಿಹಿಡಿದು ಹೊಡೆತವನ್ನು ಮುಂದೂಡುತ್ತಾ ಹೋದಳು. 3.8ಕ್ಕೇ ಮರಳಿದೆವು.

ಮಗಳು ನಿಂತಳು. ತಲೆ ಈಗ ನೆಟ್ಟಗಿತ್ತು, ಕೆನ್ನೆ ತಾನಾಗಿ ಮರದ ಮೇಲೆ ಬಂದು ಕೂತಿತು. ಐದು ಹೊಡೆದಳು. ಕಾರ್ಡ್ ತರಲು ನಡೆದು ಹೋಗುವಾಗ ಎದೆ ಬಡಿದುಕೊಳ್ಳುತ್ತಿತ್ತು, ಸುಳ್ಳು ಹೇಳುವುದಿಲ್ಲ. ಐದೂ ಒಂದೇ ತೂತು, ನಡುವಿನಿಂದ ಬಲಕ್ಕೆ ಒಂದೂವರೆ ಮಿಲಿಮೀಟರ್. ಎಡಕ್ಕೆ ಐದು ಕ್ಲಿಕ್, ನನ್ನ ಪದ್ಧತಿಯಂತೆ ಹತ್ತು ಎಡಕ್ಕೆ ಹೋಗಿ ಐದು ಬಲಕ್ಕೆ ಬಂದು ನಿಲ್ಲಿಸಿದೆ. ಮುಂದಿನ ಐದು ಹೊಡೆತಗಳಲ್ಲಿ ಹತ್ತರ ಚುಕ್ಕೆ ಪೂರ್ತಿ ಹಾರಿಹೋಗಿತ್ತು. ಆಮೇಲೆ ದಿಂಬುಗಳನ್ನು ತೆಗೆದು ಹೊಡೆದು ನೋಡಿದೆವು. ಎತ್ತರ ಕಡಿಮೆಯಾದರೂ ತೂತು ಪಕ್ಕಕ್ಕೆ ಸರಿಯಲಿಲ್ಲ. ದಿಂಬು ಹಾಕಿದೆವು, ಆಗಲೂ ಸರಿಯಲಿಲ್ಲ. ಅಂದು ಸಂಜೆ ದಾವಣಗೆರೆಗೆ ಫೋನ್ ಮಾಡಿ, ಕೊರೆತ ಕರಾರುವಾಕ್ಕಾಗಿದೆ, ತಪ್ಪು ನನ್ನ ಕಡೆಯದು ಎಂದು ಹೇಳಿದೆ. ಆತ ಕೇಳಿದ್ದು ಒಂದೇ ಮಾತು: "ಹಾಗಾದರೆ ತೂತು ಎಲ್ಲಿ ಬಿತ್ತು ಸಾರ್?"

ಎಲ್ಲ ತಿರುಪುಗಳ ತಲೆಯಿಂದ ಲೋಹದ ಮೇಲಕ್ಕೆ ಹಾಯುವ ಹಾಗೆ ಮಗಳ ಕೆಂಪು ನೇಲ್ ಪಾಲಿಶ್‌ನಿಂದ ಒಂದೊಂದು ಗೆರೆ ಎಳೆದಿದ್ದೇನೆ. ಯಾವುದು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ರೈಫಲ್ ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟದ್ದು: ಅಕ್ಕಪಕ್ಕ 55, ಬಲಕ್ಕೆ ಬಂದು ನಿಲ್ಲಿಸಿದ್ದು. ದಿಂಬು 10, ಉಂಗುರ 3.8, ಕಿಂಡಿ 1.1. ಭಾನುವಾರ ಹಿಂದಿನ ಸೈಟ್ ಬಿಚ್ಚಿ, ಮತ್ತೆ ಹಾಕಿ, ಅದೇ ತೂತಿಗೆ ಬರುತ್ತದೆಯೇ ನೋಡುವುದಿದೆ.